ಕ್ಯಾಪ್ಟನ್ ಯಾವಾಗ ಮಾತಾಡಬೇಕು: ವಿಮಾನ ಸಂಸ್ಥೆಗಳಿಗೂ ನಿಯಂತ್ರಕರಿಗೂ ಒಂದು ಬಹಿರಂಗ ಪತ್ರ

ವಿಮಾನಯಾನ ಸಂಸ್ಥೆಗಳ ಹಾರಾಟ ವಿಭಾಗದ ಮುಖ್ಯಸ್ಥರಿಗೆ ಮತ್ತು ನಾಗರಿಕ ವಿಮಾನಯಾನ ನಿಯಂತ್ರಕರಿಗೆ,

ಮಾನ್ಯರೆ,

ಹಾರಾಟದ ನಡುವೆ ಪೈಲಟ್ ಪ್ರಯಾಣಿಕರ ಜತೆ ಮಾತಾಡಬೇಕೇ ಬೇಡವೇ ಎಂಬ ಚರ್ಚೆ ಆಗಾಗ ಏಳುತ್ತಲೇ ಇರುತ್ತದೆ. ವಿಮಾನ ಹಾರಿಸಿಕೊಂಡು ಇರಲಿ ಸಾಕು, ನಮ್ಮ ನಿದ್ದೆ ಕೆಡಿಸುವುದು ಬೇಡ ಎನ್ನುವವರು ಒಂದಷ್ಟು ಜನ. ಮುಂದಿನಿಂದ ಒಂದು ದನಿ ಕೇಳದಿದ್ದರೆ ಜೀವಕ್ಕೆ ನೆಮ್ಮದಿಯಿಲ್ಲ ಎನ್ನುವವರು ಇನ್ನೊಂದಷ್ಟು ಜನ. ಇಬ್ಬರೂ ಇದನ್ನು ಸೌಜನ್ಯದ ಮಾತಾಗಿ ನೋಡುತ್ತಿದ್ದಾರೆ. ಅನೇಕ ಕಾರ್ಯಾಚರಣೆ ಕೈಪಿಡಿಗಳಲ್ಲೂ ಅಷ್ಟೇ: ಹಾರಾಟದ ನಡುವಿನ ಘೋಷಣೆ ಕ್ಯಾಪ್ಟನ್ ವಿವೇಚನೆಗೆ ಬಿಟ್ಟದ್ದು ಎಂಬ ಒಂದು ಸಾಲು, ಮುಗಿಯಿತು. ನಮ್ಮ ತಕರಾರು ಇರುವುದು ಆ ಸಾಲಿನ ಬಗ್ಗೆ. ಕಾಕ್‌ಪಿಟ್‌ನ ಮೈಕು ಬೆಂಕಿ ಆರಿಸುವ ಸಿಲಿಂಡರಿನಷ್ಟೇ, ಆಮ್ಲಜನಕದ ಮಾಸ್ಕಿನಷ್ಟೇ ಸುರಕ್ಷತೆಯ ಸಾಧನ. ಅದನ್ನು ಯಾವಾಗ ಕೈಗೆತ್ತಿಕೊಳ್ಳಬೇಕು, ಎಷ್ಟು ಹೊತ್ತು ಮಾತಾಡಬೇಕು, ಏನು ಹೇಳಬೇಕು ಎಂಬುದನ್ನು ಒಬ್ಬೊಬ್ಬ ಕ್ಯಾಪ್ಟನ್‌ನ ರೂಢಿಗೆ ಬಿಡುವುದು ಸರಿಯಲ್ಲ.

ನಾವು ಹೇಳುವ ಅಳತೆಗೋಲು ಒಂದೇ. ಪ್ರಯಾಣಿಕರು ಏನಾದರೂ ಮಾಡಬೇಕಿದ್ದರೆ, ಅಥವಾ ಅವರ ಮೈಗೋ ಕಣ್ಣಿಗೋ ಮೂಗಿಗೋ ತಟ್ಟಿದ ಸಂಗತಿಗೆ ಕಾರಣ ಬೇಕಿದ್ದರೆ ಪೈಲಟ್ ಮಾತಾಡಲೇಬೇಕು. ಮಿಕ್ಕ ಹೊತ್ತಿನಲ್ಲಿ ಮೈಕು ಅದರ ಜಾಗದಲ್ಲಿರಲಿ.

ಒಂದು ಘೋಷಣೆಗೆ ಕಾಕ್‌ಪಿಟ್ ಏನು ಬೆಲೆ ತೆರುತ್ತದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಇಬ್ಬರು ಪೈಲಟ್‌ಗಳಲ್ಲಿ ಒಬ್ಬರು ವಿಮಾನ ಹಾರಿಸುತ್ತಾರೆ, ಇನ್ನೊಬ್ಬರು ರೇಡಿಯೋ ನೋಡಿಕೊಳ್ಳುತ್ತ ಮೊದಲನೆಯವರ ಕೆಲಸದ ಮೇಲೆ ಕಣ್ಣಿಡುತ್ತಾರೆ. ಘೋಷಣೆ ಮಾಡುವವರು ಮೊದಲು "ನಾನು ಪಿಎಗೆ ಹೋಗುತ್ತೇನೆ, ರೇಡಿಯೋ ನಿಮ್ಮದು" ಎಂದು ಬಾಯಿಬಿಟ್ಟು ಹೇಳಬೇಕು (ಪಿಎ ಎಂದರೆ ಕ್ಯಾಬಿನ್‌ಗೆಲ್ಲ ಕೇಳುವ ಧ್ವನಿವರ್ಧಕ). ಎದುರಿನವರು "ರೇಡಿಯೋ ನನ್ನದು" ಎನ್ನಬೇಕು. ಆಮೇಲೆ ಆಡಿಯೋ ಪ್ಯಾನೆಲ್‌ನಲ್ಲಿ ಪಿಎ ಕೀ ಆರಿಸಿಕೊಳ್ಳಬೇಕು. ಕೆಲವು ಮಾದರಿಗಳಲ್ಲಿ ಮಾತು ಮುಗಿಯುವ ತನಕ ಆ ಕೀಯನ್ನು ಒತ್ತಿಯೇ ಹಿಡಿದಿರಬೇಕು. ಮಾತು ಮುಗಿದ ಮೇಲೆ ಪ್ಯಾನೆಲ್ ಮತ್ತೆ ರೇಡಿಯೋಗೆ ತಂದು, "ಹೊಸದೇನಾದರೂ ಬಂತೇ?" ಎಂದು ಕೇಳಿ, ಈ ನಡುವೆ ಎಟಿಸಿ, ಅಂದರೆ ನೆಲದ ಮೇಲಿನ ವಿಮಾನ ಸಂಚಾರ ನಿಯಂತ್ರಣ ಕೇಂದ್ರ, ಕೊಟ್ಟ ಎತ್ತರ, ದಿಕ್ಕು, ಫ್ರೀಕ್ವೆನ್ಸಿ ತಿಳಿದುಕೊಳ್ಳಬೇಕು. ಇಪ್ಪತ್ತು ಸೆಕೆಂಡಿನ ಮಾತಿಗೂ ಈ ಸುತ್ತು ತಪ್ಪದು. ಗಂಟೆಗೆ 850 ಕಿಲೋಮೀಟರ್ ವೇಗದಲ್ಲಿ ಆ ಇಪ್ಪತ್ತು ಸೆಕೆಂಡಿಗೆ ವಿಮಾನ ಸುಮಾರು 4.7 ಕಿಲೋಮೀಟರ್ ಸಾಗಿರುತ್ತದೆ, ಅಷ್ಟು ದೂರವೂ ಕಾಕ್‌ಪಿಟ್‌ನಲ್ಲಿ ಎಟಿಸಿಯನ್ನು ಆಲಿಸುವುದು ಒಂದೇ ಜೊತೆ ಕಿವಿ.

ಇಲ್ಲಿ ಪದೇಪದೇ ಆಗುವ ತಪ್ಪು, ಪಿಎ ಕೀ ಒತ್ತಿದೆನೆಂದುಕೊಂಡು ರೇಡಿಯೋದಲ್ಲಿ ಮಾತಾಡುವುದು. ಪ್ರಯಾಣಿಕರಿಗೆಂದು ಹೇಳಿದ ಸ್ವಾಗತವನ್ನು ಆ ಫ್ರೀಕ್ವೆನ್ಸಿಯಲ್ಲಿರುವ ಎಲ್ಲ ವಿಮಾನಗಳೂ ಕೇಳುತ್ತವೆ. ಕೇಳಿದರೆ ನಷ್ಟವಿಲ್ಲ. ತೊಂದರೆಯೆಂದರೆ, ಒಬ್ಬರು ಪ್ರಸಾರ ಮಾಡುತ್ತಿರುವಷ್ಟು ಹೊತ್ತು ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರೂ ಮಾತಾಡುವಂತಿಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಕರ್ಕಶ ಸದ್ದು ಬಿಟ್ಟು ಇನ್ನೇನೂ ಕೇಳದು. ಇಳಿಯುವ ವಿಮಾನಗಳು ಸಾಲುಗಟ್ಟಿ ನಿಂತ ಹೊತ್ತಿನಲ್ಲಿ ಎಟಿಸಿ ನಿಯಂತ್ರಕನ ಕೈ ಅಷ್ಟು ಹೊತ್ತು ಕಟ್ಟಿಹಾಕಿದಂತೆ. ಆದ್ದರಿಂದ ಮೊದಲ ಪದ ಆಡುವ ಮುನ್ನ ಪ್ಯಾನೆಲ್ ಮೇಲಿನ ದೀಪ ನೋಡುವುದು, ಕ್ಯಾಬಿನ್‌ನಲ್ಲಿ ತನ್ನದೇ ದನಿ ಮೊಳಗುವುದನ್ನು ಕಿವಿಗೊಟ್ಟು ಖಚಿತಪಡಿಸಿಕೊಳ್ಳುವುದು ರೂಢಿಯಾಗಬೇಕು.

ಬೇಡದ ಘೋಷಣೆಗಳ ಬಗ್ಗೆ ನಿಯಮ ಈಗಾಗಲೇ ಮಾತಾಡಿದೆ. ಅಮೆರಿಕದ ವಿಮಾನಯಾನ ಆಡಳಿತ 1981ರಲ್ಲಿ ತಂದ "ಸ್ಟೆರೈಲ್ ಕಾಕ್‌ಪಿಟ್" ನಿಯಮದ ಪ್ರಕಾರ ಟ್ಯಾಕ್ಸಿ (ವಿಮಾನ ನೆಲದ ಮೇಲೆ ಸಾಗುವುದು), ಟೇಕಾಫ್, ಲ್ಯಾಂಡಿಂಗ್ ಹೊತ್ತಿನಲ್ಲೂ, ಕ್ರೂಸ್ (ಒಂದೇ ಎತ್ತರದಲ್ಲಿ ಸಾಗುವ ಹಂತ) ಬಿಟ್ಟರೆ 10,000 ಅಡಿಗಿಂತ ಕೆಳಗಿನ ಉಳಿದ ಹಾರಾಟದಲ್ಲೂ ಸುರಕ್ಷತೆಗೆ ಸಂಬಂಧಿಸದ ಕೆಲಸ ಕೂಡದು. ಯಾವುದು ಕೂಡದು ಎಂಬ ಉದಾಹರಣೆಗಳನ್ನು ಕೊಡುವಾಗ ಆ ನಿಯಮ ಎರಡು ಬಗೆಯ ಘೋಷಣೆಗಳನ್ನು ಹೆಸರಿಸಿಯೇ ಹೇಳುತ್ತದೆ: ಸಂಸ್ಥೆಯ ಪ್ರಚಾರ ಮತ್ತು ಕಿಟಕಿಯಾಚೆಗಿನ ನೋಟಗಳ ವರ್ಣನೆ. 1974ರ ಸೆಪ್ಟೆಂಬರ್ 11ರಂದು ಅಮೆರಿಕದ ಷಾರ್ಲೆಟ್‌ನಲ್ಲಿ ಈಸ್ಟರ್ನ್ ಏರ್‌ಲೈನ್ಸ್‌ನ 212ನೇ ವಿಮಾನ ರನ್‌ವೇ ಮುಟ್ಟುವ ಮುನ್ನವೇ ನೆಲಕ್ಕಪ್ಪಳಿಸಿತು. ಇಳಿಯುವ ಹೊತ್ತಿನಲ್ಲಿ ಪೈಲಟ್‌ಗಳು ಸಂಬಂಧವಿಲ್ಲದ ಮಾತುಕತೆಯಲ್ಲಿದ್ದರೆಂಬುದು ತನಿಖೆಯಲ್ಲಿ ಹೊರಬಂತು. ಅಂಥ ಅಪಘಾತಗಳಿಂದ ಹುಟ್ಟಿದ ನಿಯಮ ಇದು. 10,000 ಅಡಿ ದಾಟಿದ ಮೇಲೆ ಕ್ರೆಡಿಟ್ ಕಾರ್ಡ್ ಮಾರಾಟಕ್ಕೂ ಸದಸ್ಯತ್ವದ ಅಂಕಗಳ ಗುಣಗಾನಕ್ಕೂ ಈ ಮೈಕು ಬಳಸಬಹುದು ಎಂಬ ಅರ್ಥ ಅದರಲ್ಲಿಲ್ಲ. ಹತ್ತು ಸಲ ಕೆಲಸಕ್ಕೆ ಬಾರದ್ದನ್ನು ಕೇಳಿದ ಕಿವಿ ಹನ್ನೊಂದನೆಯ ಸಲ ತೆರೆದುಕೊಳ್ಳುವುದಿಲ್ಲ. ಆ ಹನ್ನೊಂದನೆಯದು ಬೆಲ್ಟ್ ಕಟ್ಟಿಕೊಳ್ಳಿ ಎನ್ನುವ ಮಾತಾಗಿರಬಹುದು.

ಹಾಗಾದರೆ ಪೈಲಟ್ ತೆಪ್ಪಗಿದ್ದರೆ ಮೇಲಲ್ಲವೇ ಎನ್ನುವವರು ಇಂಗ್ಲೆಂಡಿನ ಕೆಗ್‌ವರ್ತ್ ಅಪಘಾತದ ವರದಿಯನ್ನು ನಿಧಾನವಾಗಿ ಓದಬೇಕು. 1989ರ ಜನವರಿ 8. ಲಂಡನ್‌ನಿಂದ ಬೆಲ್‌ಫಾಸ್ಟ್‌ಗೆ ಹೊರಟ ಬ್ರಿಟಿಷ್ ಮಿಡ್‌ಲ್ಯಾಂಡ್‌ನ ಬೋಯಿಂಗ್ 737-400 ಮೇಲೇರುತ್ತಿದ್ದಾಗ ಎಡ ಎಂಜಿನಿನ ಫ್ಯಾನ್ ಬ್ಲೇಡ್ ಒಂದು ಮುರಿಯಿತು. ವಿಮಾನ ಗಡಗಡ ನಡುಗಿತು, ಒಳಗೆ ಹೊಗೆ ವಾಸನೆ ಬಂತು. ಪೈಲಟ್‌ಗಳು ಕೆಟ್ಟದ್ದು ಬಲ ಎಂಜಿನ್ ಎಂದು ತಿಳಿದು ಅದರ ಶಕ್ತಿ ಇಳಿಸಿದರು. ಕಾಕತಾಳೀಯವಾಗಿ ನಡುಕವೂ ಕಡಿಮೆಯಾಯಿತು. ತಾವು ಮಾಡಿದ್ದೇ ಸರಿ ಎಂದು ಅವರಿಗೆ ಗಟ್ಟಿಯಾಗಿದ್ದು ಇದರಿಂದಲೇ. ಚೆನ್ನಾಗಿದ್ದ ಎಂಜಿನನ್ನು ನಿಲ್ಲಿಸಿ, ಕೆಟ್ಟದ್ದರ ಮೇಲೆ ಈಸ್ಟ್ ಮಿಡ್‌ಲ್ಯಾಂಡ್ಸ್ ನಿಲ್ದಾಣದ ಕಡೆ ತಿರುಗಿದರು.

ಆಗ ಕ್ಯಾಪ್ಟನ್ ಪಿಎಯಲ್ಲಿ ಮಾತಾಡಿದರು. ಬಲ ಎಂಜಿನಿನಲ್ಲಿ ತೊಂದರೆಯಾಗಿ ಹೊಗೆ ಬಂದಿತ್ತು, ಅದನ್ನು ನಿಲ್ಲಿಸಿದ್ದೇವೆ, ಇನ್ನು ಸುಮಾರು ಹತ್ತು ನಿಮಿಷದಲ್ಲಿ ಇಳಿಯುತ್ತೇವೆ ಎಂಬುದು ಅದರ ಸಾರ. ಕ್ಯಾಬಿನ್‌ನಲ್ಲಿ ಕೂತ ಅನೇಕರು ಎಡ ಎಂಜಿನಿನಿಂದ ಕಿಡಿ, ಬೆಂಕಿ ಹಾರುವುದನ್ನು ಕಣ್ಣಾರೆ ಕಂಡಿದ್ದರು. "ಬಲ" ಎಂಬ ಮಾತು ಕೇಳಿ ಅವರಿಗೆ ಗೊಂದಲವಾಯಿತು. ಯಾರೂ ಸಿಬ್ಬಂದಿಗೆ ಹೇಳಲಿಲ್ಲ. ಹಿಂಬದಿಯ ಮೂವರು ಕ್ಯಾಬಿನ್ ಸಿಬ್ಬಂದಿಯೂ ಎಡಗಡೆಯ ಬೆಂಕಿಯ ಗುರುತು ಕಂಡಿದ್ದರು, ಆದರೆ ಕ್ಯಾಪ್ಟನ್ ಬಲ ಎಂದದ್ದು ಅವರ ಗಮನಕ್ಕೆ ಬಂದಿರಲಿಲ್ಲ. ರನ್‌ವೇಗೆ ಇನ್ನು ಎರಡೂವರೆ ನಾಟಿಕಲ್ ಮೈಲಿಯೂ ಇಲ್ಲದಾಗ ಎಡ ಎಂಜಿನ್ ಕೈಕೊಟ್ಟಿತು. 126 ಜನರಲ್ಲಿ 47 ಜನ ಸತ್ತರು.

ಈ ಘೋಷಣೆಯನ್ನು ನಾವು ಬಹಳ ಮುಖ್ಯವೆಂದು ಎಣಿಸುತ್ತೇವೆ. "ಸಣ್ಣ ತಾಂತ್ರಿಕ ತೊಂದರೆ" ಎಂದು ತೇಲಿಸದೆ ಆ ಕ್ಯಾಪ್ಟನ್ ಯಾವ ಕಡೆ ಎಂದು ಬಿಡಿಸಿ ಹೇಳಿದರು. ತಪ್ಪು ತಿದ್ದಿಕೊಳ್ಳುವ ಬಾಗಿಲು ತೆರೆದದ್ದು ಆ ಒಂದು ಪದದಿಂದ. ಆಚೆಯಿಂದ ಯಾರೂ ಆ ಬಾಗಿಲಿಗೆ ಬರಲಿಲ್ಲ, ಏಕೆಂದರೆ ಬರಬಹುದು ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಕಾಕ್‌ಪಿಟ್‌ಗೆ ಎಂಜಿನ್ ಕಾಣುವುದು ಮೀಟರುಗಳಲ್ಲಿ. ಕ್ಯಾಬಿನ್‌ಗೆ ಅದು ಕಿಟಕಿಯಲ್ಲೇ ಕಾಣುತ್ತದೆ. ಎರಡನ್ನೂ ಜೋಡಿಸುವ ತಂತಿ ಈ ಘೋಷಣೆ. ಆದ್ದರಿಂದ ಎಂಜಿನ್, ರೆಕ್ಕೆ, ಚಕ್ರ ಯಾವುದರ ತೊಂದರೆಯಾದರೂ ಕ್ಯಾಪ್ಟನ್ ಎಡವೋ ಬಲವೋ ಎಂದು ಹೇಳಬೇಕು. "ನೀವು ಬೇರೇನಾದರೂ ಕಂಡಿದ್ದರೆ ಈಗಲೇ ಸಿಬ್ಬಂದಿಗೆ ತಿಳಿಸಿ" ಎಂಬ ಒಂದು ವಾಕ್ಯ ಸೇರಿಸಬೇಕು. ಹಾಗೆ ಬಂದ ಮಾತನ್ನು ಸಿಬ್ಬಂದಿ ತಡಮಾಡದೆ ಇಂಟರ್‌ಫೋನ್‌ನಲ್ಲಿ (ವಿಮಾನದೊಳಗಿನ ಫೋನ್) ಕಾಕ್‌ಪಿಟ್‌ಗೆ ಮುಟ್ಟಿಸಬೇಕು. ಪೈಲಟ್‌ಗೆ ಇದು ಗೊತ್ತಿರದೆ ಇರುತ್ತದೆಯೇ ಎಂಬ ಸಂಕೋಚ ಅಲ್ಲಿ ಅಡ್ಡ ಬರಬಾರದು.

ಇನ್ನು ದಿನನಿತ್ಯದ ಅಪಾಯ, ಗಾಳಿಯ ಏರುಪೇರಿನಿಂದಾಗುವ ಕುಲುಕಾಟ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2009ರಿಂದ 2018ರವರೆಗೆ ಅಲ್ಲಿನ ವಿಮಾನ ಸಂಸ್ಥೆಗಳಲ್ಲಾದ ಅಪಘಾತಗಳನ್ನು ನೋಡಿದಾಗ ಮೂರನೇ ಒಂದಕ್ಕಿಂತ ಹೆಚ್ಚು ಕುಲುಕಾಟಕ್ಕೆ ಸಂಬಂಧಿಸಿದ್ದವು. ಪೆಟ್ಟಾದವರಲ್ಲಿ ಹೆಚ್ಚಿನವರು ಕ್ಯಾಬಿನ್ ಸಿಬ್ಬಂದಿ, ಏಕೆಂದರೆ ನಿಂತಿರುವವರು ಅವರೇ. ವಿಮಾನದ ರಾಡಾರ್‌ಗೆ ಕಾಣುವುದು ಮೋಡದೊಳಗಿನ ನೀರಿನ ಹನಿ. ತಿಳಿ ಆಕಾಶದ ಕುಲುಕಾಟ ಅದಕ್ಕೆ ಕಾಣದು.

2024ರ ಮೇ 21ರಂದು ಲಂಡನ್‌ನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ಸಿಂಗಪುರ್ ಏರ್‌ಲೈನ್ಸ್‌ನ 321ನೇ ವಿಮಾನ ಮ್ಯಾನ್ಮಾರ್ ಮೇಲೆ 37,000 ಅಡಿಯಲ್ಲಿತ್ತು. ಪ್ರಾಥಮಿಕ ತನಿಖಾ ವರದಿಯ ಪ್ರಕಾರ ಬೆಲ್ಟ್ ದೀಪ ಹಾಕಿದೆ ಎಂದು ಪೈಲಟ್ ಕೂಗಿದ್ದಕ್ಕೂ ದೊಡ್ಡ ಹೊಡೆತಕ್ಕೂ ನಡುವೆ ಇದ್ದದ್ದು ಎಂಟು ಸೆಕೆಂಡು. 0.6 ಸೆಕೆಂಡಿನೊಳಗೆ ಲಂಬ ಬಲ ಧನ 1.35 ಜಿಯಿಂದ ಋಣ 1.5 ಜಿಗೆ ಇಳಿಯಿತು (ಒಂದು ಜಿ ಎಂದರೆ ನೆಲದ ಮೇಲೆ ನಮ್ಮನ್ನು ಹಿಡಿದಿಡುವ ಭೂಮಿಯ ಸೆಳೆತದಷ್ಟು ಬಲ). ಬೆಲ್ಟ್ ಇಲ್ಲದವರು ಸೀಟಿನಿಂದ ಮೇಲಕ್ಕೆದ್ದರು. ನಾಲ್ಕು ಸೆಕೆಂಡಿನಲ್ಲಿ ಬಲ ಮತ್ತೆ ಧನ 1.5 ಜಿಗೆ ತಿರುಗಿ ಅವರನ್ನು ಕೆಳಕ್ಕೆ ಕುಕ್ಕಿತು. ಒಬ್ಬರು ತೀರಿಕೊಂಡರು, ಅನೇಕರಿಗೆ ತೀವ್ರ ಗಾಯಗಳಾದವು. ಎಂಟು ಸೆಕೆಂಡಿನಲ್ಲಿ ನಿಂತವರು ಕೂತು ಬೆಲ್ಟ್ ಕಟ್ಟಿಕೊಳ್ಳುವುದು ಆಗದ ಮಾತು. ಹಾಗಾಗಿ ಕೂತಾಗಲೆಲ್ಲ ಬೆಲ್ಟ್ ಹಾಕಿರಿ ಎಂಬುದನ್ನು ಕ್ಯಾಪ್ಟನ್ ಹಾರಾಟದ ಮೊದಲ ಘೋಷಣೆಯಲ್ಲೇ, ಕಾರಣ ಸಹಿತ ಹೇಳಬೇಕು: "ಮುಂದಿನ ಕುಲುಕಾಟ ಕೆಲವೊಮ್ಮೆ ನಮಗೂ ಕಾಣುವುದಿಲ್ಲ." ಈ ಒಂದು ವಾಕ್ಯ ಕ್ಯಾಪ್ಟನ್ ಬಾಯಲ್ಲಿ ಬಂದರೆ ಅದಕ್ಕಿರುವ ತೂಕ ಧ್ವನಿಮುದ್ರಿತ ಘೋಷಣೆಗೆ ಇಲ್ಲ.

ಮುಂಚೆಯೇ ಗೊತ್ತಿರುವ ಕುಲುಕಾಟವಾದರೆ ಕ್ರಮ ಬೇರೆ. ಮೊದಲ ಕರೆ ಇಂಟರ್‌ಫೋನ್‌ನಲ್ಲಿ ಕ್ಯಾಬಿನ್ ಮುಖ್ಯಸ್ಥರಿಗೆ: ಎಷ್ಟು ನಿಮಿಷದಲ್ಲಿ, ಎಷ್ಟು ಜೋರು, ಎಷ್ಟು ಹೊತ್ತು. ಊಟ ತುಂಬಿದ ಟ್ರಾಲಿಯನ್ನು ಗ್ಯಾಲಿಗೆ (ವಿಮಾನದ ಅಡುಗೆಕಟ್ಟೆಗೆ) ಒಯ್ದು ಕೊಂಡಿ ಹಾಕಲು ಅವರಿಗೆ ಕೆಲವು ನಿಮಿಷ ಬೇಕು. ಅದಾದ ಮೇಲೆ ಪ್ರಯಾಣಿಕರಿಗೆ: "ಇನ್ನು ಹತ್ತು ನಿಮಿಷದಲ್ಲಿ ಜೋರಾದ ಕುಲುಕಾಟ ಶುರುವಾಗುತ್ತದೆ, ಸುಮಾರು ಕಾಲು ಗಂಟೆ ಇರುತ್ತದೆ. ಈಗಲೇ ಕೂತು ಬೆಲ್ಟ್ ಬಿಗಿಯಾಗಿ ಕಟ್ಟಿಕೊಳ್ಳಿ. ಶೌಚಾಲಯಕ್ಕೆ ಹೋಗಬೇಡಿ." ಇದ್ದಕ್ಕಿದ್ದಂತೆ ಬಂದದ್ದಾದರೆ ಎರಡೇ ಮಾತು: "ಸಿಬ್ಬಂದಿ ಸಹಿತ ಎಲ್ಲರೂ ಕೂರಿ. ಬೆಲ್ಟ್ ಕಟ್ಟಿ." ಆಗ ಸಿಬ್ಬಂದಿ ಟ್ರಾಲಿಯ ಬ್ರೇಕ್ ಒತ್ತಿ, ಬಿಸಿ ಕಾಫಿಯ ಪಾತ್ರೆ ನೆಲಕ್ಕಿಟ್ಟು, ಹತ್ತಿರದ ಸೀಟಿನಲ್ಲಿ ಕೂರಬೇಕು. ಸೀಟು ಸಿಗದಿದ್ದರೆ ನೆಲದಲ್ಲೇ ಕೂತು ಸೀಟಿನ ಕಾಲು ಬಿಗಿಯಾಗಿ ಹಿಡಿಯಬೇಕು.

ಕುಲುಕಾಟ ನಿಂತ ಮೇಲೆ ಬೆಲ್ಟ್ ದೀಪ ಆರಿಸುವುದನ್ನು ಮರೆಯಬೇಡಿ ಎಂದು ನಿಮ್ಮ ಪೈಲಟ್‌ಗಳಿಗೆ ಒತ್ತಿ ಹೇಳಿ. ಮೂರು ಗಂಟೆ ಸುಮ್ಮನೆ ಉರಿದ ದೀಪವನ್ನು ಜನ ಅಲಂಕಾರದ ದೀಪವೆಂದುಕೊಳ್ಳುತ್ತಾರೆ. ಅದರಡಿಯಲ್ಲೇ ಎದ್ದು ಶೌಚಾಲಯಕ್ಕೆ ಹೋಗಿಬರುತ್ತಾರೆ.

ಮೈಗೆ ತಟ್ಟುವ ಸಂಗತಿಗಳಲ್ಲಿ ಗೋ-ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು, ದೊಡ್ಡದು. ಇನ್ನೇನು ನೆಲ ಮುಟ್ಟಿತು ಎನ್ನುವಾಗ ಎಂಜಿನ್ ಅಬ್ಬರಿಸಿ ಮೂಗು ಮೇಲಕ್ಕೆತ್ತಿದರೆ ಎಂಥವರಿಗೂ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಗಳಿಗೆಯಲ್ಲಿ ಪೈಲಟ್‌ಗಳಿಗೆ ಬಿಡುವಿಲ್ಲ: ಶಕ್ತಿ ಏರಿಸಬೇಕು, ರೆಕ್ಕೆಯ ಫ್ಲ್ಯಾಪ್‌ಗಳನ್ನು ಒಂದು ಹಂತ ಒಳಕ್ಕೆಳೆಯಬೇಕು, ಚಕ್ರ ಮಡಚಬೇಕು, ಎತ್ತರ ಹಿಡಿಯಬೇಕು, ಎಟಿಸಿಗೆ ಹೇಳಬೇಕು, ಚೆಕ್‌ಲಿಸ್ಟ್ ಮುಗಿಸಬೇಕು. ಇದಕ್ಕೆಲ್ಲ ಕೆಲವು ನಿಮಿಷ ಬೇಕು. ಅಲ್ಲಿಯವರೆಗೆ ಪೈಲಟ್ ಮಾತಾಡಕೂಡದು. ಅಷ್ಟರಲ್ಲಿ ಕ್ಯಾಬಿನ್ ಮುಖ್ಯಸ್ಥರು "ಇಳಿಯುವುದನ್ನು ನಿಲ್ಲಿಸಿ ಮತ್ತೊಂದು ಸುತ್ತು ಬರುತ್ತಿದ್ದೇವೆ, ಇದು ಪೈಲಟ್‌ಗಳು ಅಭ್ಯಾಸ ಮಾಡಿದ ಕ್ರಮ, ಕೂತೇ ಇರಿ" ಎಂದು ಮೊದಲೇ ಬರೆದಿಟ್ಟ ಮಾತು ಹೇಳಲಿ. ವಿಮಾನ ಸ್ಥಿರವಾದ ಮೇಲೆ ಕ್ಯಾಪ್ಟನ್ ನಿಜವಾದ ಕಾರಣ ಹೇಳಲಿ. ನಮ್ಮ ಮುಂದಿದ್ದ ವಿಮಾನ ರನ್‌ವೇ ಬಿಟ್ಟಿರಲಿಲ್ಲ ಎಂದರೆ ಜನರಿಗೆ ಅರ್ಥವಾಗುತ್ತದೆ.

ಟೇಕಾಫ್ ಆಗಿ 1,000ದಿಂದ 1,500 ಅಡಿಯಲ್ಲಿ ಶಕ್ತಿ ಇಳಿಸಿದಾಗ ಎಂಜಿನ್ ನಿಂತಂತೆ ಅನಿಸುವುದು, ಏರ್‌ಬಸ್ ಎ320ರ ಹೊಟ್ಟೆಯೊಳಗಿಂದ ನಾಯಿ ಬೊಗಳಿದಂತೆ ಬರುವ ಹೈಡ್ರಾಲಿಕ್ ಪಂಪಿನ ಸದ್ದು, ಇಂಥವಕ್ಕೆ ಪ್ರತಿ ಸಲ ಘೋಷಣೆ ಬೇಕಿಲ್ಲ. ಸೀಟಿನ ಜೇಬಿನ ಕಾರ್ಡಿನಲ್ಲಿ ಬರೆದರೆ ಸಾಕು.

ತುರ್ತಿನಲ್ಲಿ ಕ್ರಮ ಸ್ಪಷ್ಟ: ಮೊದಲು ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. ಕ್ಯಾಬಿನ್ ಮುಖ್ಯಸ್ಥರಿಗೆ ನಾಲ್ಕು ಸಂಗತಿ ಗೊತ್ತಾಗಬೇಕು: ತೊಂದರೆ ಏನು, ನಾವೇನು ಮಾಡಲಿದ್ದೇವೆ, ಎಷ್ಟು ಹೊತ್ತಿದೆ, ವಿಶೇಷ ಸೂಚನೆ ಏನು. ಅವರು ಅದನ್ನು ತಿರುಗಿ ಒಪ್ಪಿಸಿದ ಮೇಲೆಯೇ ಪ್ರಯಾಣಿಕರ ಸರದಿ. ಹೊತ್ತೇ ಇಲ್ಲದಿದ್ದರೆ 2009ರ ಜನವರಿ 15ರಂದು ಎಂಜಿನ್ ಕೆಟ್ಟ ವಿಮಾನವನ್ನು ನ್ಯೂಯಾರ್ಕಿನ ಹಡ್ಸನ್ ನದಿಗೆ ಇಳಿಸುವ ಮುನ್ನ ಕ್ಯಾಪ್ಟನ್ ಸಲೆನ್‌ಬರ್ಗರ್ ಮಾಡಿದ್ದೇ ಮಾದರಿ. ತಾನು ಕ್ಯಾಪ್ಟನ್ ಎಂದು ಹೇಳಿ, ಹೊಡೆತಕ್ಕೆ ಸಿದ್ಧರಾಗಿ ಎಂಬ ಒಂದೇ ಆಜ್ಞೆ ಕೊಟ್ಟರು. ನೀರು ಮುಟ್ಟಲು ಆಗ ಸುಮಾರು ಒಂದೂವರೆ ನಿಮಿಷವಿತ್ತು. ಸಿಬ್ಬಂದಿ ಕೂಡಲೇ ತಲೆ ತಗ್ಗಿಸಿ ಎಂದು ಒಂದೇ ಸಮನೆ ಕೂಗತೊಡಗಿದರು. 155 ಜನರೂ ಬದುಕಿದರು. ನದಿಗೆ ಇಳಿಯುತ್ತಿದ್ದೇವೆ ಎಂಬ ವಿವರಣೆ ಅದರಲ್ಲಿರಲಿಲ್ಲ ಎಂದು ಕೆಲವರು ಕೊರತೆ ಎತ್ತುತ್ತಾರೆ. ಅಷ್ಟು ಹೊತ್ತಿನಲ್ಲಿ ಮೈ ಬಾಗಿಸುವುದೇ ಮೊದಲ ಕೆಲಸ, ಕ್ಯಾಪ್ಟನ್ ಆರಿಸಿದ್ದು ಸರಿಯೆಂದೇ ನಮ್ಮ ತೀರ್ಮಾನ.

ಹೊತ್ತಿದ್ದಾಗ ಸತ್ಯ ಹೇಳುವುದಕ್ಕೆ 1982ರ ಜೂನ್ 24 ಸಾಕ್ಷಿ. ಜಾವಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿ ಹೊಕ್ಕು ಬ್ರಿಟಿಷ್ ಏರ್‌ವೇಸ್‌ನ 747ರ ನಾಲ್ಕೂ ಎಂಜಿನ್ ನಿಂತಿದ್ದವು. ಕ್ಯಾಪ್ಟನ್ ಎರಿಕ್ ಮೂಡಿ ಅದನ್ನು ಹಾಗೆಯೇ ಹೇಳಿದರು: ನಾಲ್ಕೂ ನಿಂತಿವೆ, ಮತ್ತೆ ಚಾಲೂ ಮಾಡಲು ಶಕ್ತಿಮೀರಿ ಯತ್ನಿಸುತ್ತಿದ್ದೇವೆ. ಎಂಜಿನ್‌ಗಳು ಮತ್ತೆ ಚಾಲೂ ಆಗಿ ವಿಮಾನ ಜಕಾರ್ತಾದಲ್ಲಿ ಇಳಿಯಿತು. ಎಂಜಿನ್ ಸದ್ದು ನಿಂತದ್ದು ಒಳಗಿದ್ದವರಿಗೆ ಗೊತ್ತಾಗಿಯೇ ಇತ್ತು. ಕಣ್ಣೆದುರಿನದನ್ನು ಮುಚ್ಚಿಡುವ ಕ್ಯಾಪ್ಟನ್ ಆಮೇಲೆ ಹೇಳುವ ಯಾವ ಮಾತನ್ನೂ ಜನ ನಂಬುವುದಿಲ್ಲ.

ಆಮ್ಲಜನಕದ ಮಾಸ್ಕ್ ಇಳಿದಾಗ ಆಗುವ ಎಡವಟ್ಟನ್ನೂ ಹೇಳಬೇಕು. ಅನೇಕ ವಿಮಾನಗಳಲ್ಲಿ ತಲೆಯ ಮೇಲಿನ ರಾಸಾಯನಿಕ ಪೆಟ್ಟಿಗೆ ಆಮ್ಲಜನಕ ಉತ್ಪಾದಿಸುವಾಗ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಚೀಲ ಉಬ್ಬದಿದ್ದರೂ ಆಮ್ಲಜನಕ ಬರುತ್ತಿರುತ್ತದೆ. ಗೊತ್ತಿಲ್ಲದವರು ಬೆಂಕಿ ಬಿದ್ದಿದೆ, ಮಾಸ್ಕ್ ಕೆಟ್ಟಿದೆ ಎಂದು ಕಿತ್ತೆಸೆಯುತ್ತಾರೆ. ಪೈಲಟ್‌ಗಳ ಮುಖದ ಮೇಲೂ ಮಾಸ್ಕ್ ಇರುವುದರಿಂದ ಅವರ ದನಿ ಗೊಗ್ಗರಾಗಿ ಕೇಳುತ್ತದೆ. ಹಾಗಾಗಿ ವಾಸನೆಯ ಮತ್ತು ಚೀಲದ ವಿವರಣೆ ಧ್ವನಿಮುದ್ರಿತ ಘೋಷಣೆಯಲ್ಲಿರಲಿ. ವಿಮಾನ 10,000 ಅಡಿಗೆ ಇಳಿದ ಮೇಲೆ ಮಾಸ್ಕ್ ತೆಗೆಯಬಹುದು ಎಂಬ ಮಾತು ಮಾತ್ರ ಕಾಕ್‌ಪಿಟ್‌ನಿಂದಲೇ ಬರಬೇಕು. ಅದು ಬರದಿದ್ದರೆ ಸಿಬ್ಬಂದಿ ತಾವಾಗಿ ಕಾಕ್‌ಪಿಟ್‌ಗೆ ಕರೆ ಮಾಡಿ ವಿಚಾರಿಸಬೇಕು.

ನೆಲ ಮುಟ್ಟಿದ ಮೇಲೂ ಮಾತು ಮುಗಿಯುವುದಿಲ್ಲ. 2010ರ ನವೆಂಬರ್ 4ರಂದು ಎಂಜಿನ್ ಸಿಡಿದ ಕ್ವಾಂಟಸ್ ಸಂಸ್ಥೆಯ ಎ380 ವಿಮಾನ ಸಿಂಗಪುರಕ್ಕೆ ಮರಳಿದಾಗ ಇಂಧನ ಸೋರುತ್ತಿತ್ತು, ಬ್ರೇಕ್ ಕಾದಿತ್ತು, ಒಂದು ಎಂಜಿನ್ ನಿಲ್ಲಿಸಲು ಆಗುತ್ತಿರಲಿಲ್ಲ. ತುರ್ತಾಗಿ ಇಳಿಯುವ ಜಾರುಬಂಡೆ ಬಿಡಿಸದೆ 469 ಜನರನ್ನು ಒಳಗೇ ಕೂರಿಸಿ, ಆಮೇಲೆ ಮೆಟ್ಟಿಲಿನಿಂದ ಇಳಿಸಿದರು. ಇಂಥ ಹೊತ್ತಿನಲ್ಲಿ ಕೂತಿರಿ ಎನ್ನುವ ದನಿ ಬರದಿದ್ದರೆ ಯಾರೋ ಒಬ್ಬರು ಬಾಗಿಲು ತೆರೆದುಬಿಡುತ್ತಾರೆ, ಓಡುತ್ತಿರುವ ಎಂಜಿನಿನ ಎದುರಿಗೇ. ವಿಮಾನ ನಿಂತ ಮೊದಲ ಕೆಲವು ಸೆಕೆಂಡಿನಲ್ಲೇ ಕೂತಿರಿ ಅಥವಾ ಹೊರಡಿ, ಎರಡರಲ್ಲೊಂದು ಕೇಳಬೇಕು.

ಹೇಳುವ ಬಗೆ. ಹಾರುವ ವಿಮಾನದೊಳಗೆ ಸದ್ದು ಸಾಮಾನ್ಯವಾಗಿ 75ರಿಂದ 85 ಡೆಸಿಬೆಲ್. ಅದರಲ್ಲಿ ತಗ್ಗು ಸ್ಥಾಯಿಯ ಮೊರೆತವೇ ಹೆಚ್ಚು. ಗಂಭೀರವಾಗಿರಲೆಂದು ದನಿ ತಗ್ಗಿಸಿ ಗೊಣಗಿದರೆ ಮಾತು ಆ ಮೊರೆತದಲ್ಲಿ ಮುಳುಗುತ್ತದೆ. ಮೈಕು ತುಟಿಗೆ ಒಂದೆರಡು ಸೆಂಟಿಮೀಟರ್ ಹತ್ತಿರ ಹಿಡಿಯಬೇಕು. ಕೀ ಒತ್ತಿ ಒಂದು ಸೆಕೆಂಡ್ ತಡೆದು ಶುರುಮಾಡದಿದ್ದರೆ ಮೊದಲ ಪದ ಕತ್ತರಿಸಿಹೋಗುತ್ತದೆ. ಕೆಲಸದ ಮಾತು ಮೊದಲ ವಾಕ್ಯದಲ್ಲೇ ಇರಬೇಕು, ಒಟ್ಟು ಇಪ್ಪತ್ತೈದು ಸೆಕೆಂಡ್ ಮೀರಬಾರದು. "ಗಾಬರಿಪಡುವ ಕಾರಣವಿಲ್ಲ" ಎಂದು ಶುರುಮಾಡುವುದನ್ನು ಬಿಡಿ, ಅಲ್ಲಿಯವರೆಗೆ ಗಾಬರಿಯಿಲ್ಲದವರಿಗೂ ಅದು ಗಾಬರಿ ಹುಟ್ಟಿಸುತ್ತದೆ. "ಕಾರ್ಯಾಚರಣೆಯ ಕಾರಣಗಳಿಂದ" ಎನ್ನುವುದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು. ಸಮಯ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಮುಂದಿನ ಸುದ್ದಿ ಯಾವಾಗ ಹೇಳುತ್ತೀರೆಂದು ತಿಳಿಸಿ, ಸುದ್ದಿ ಇಲ್ಲದಿದ್ದರೂ ಆ ಹೊತ್ತಿಗೆ ಮಾತಾಡಿ. ನೆಲದ ಮೇಲೆ ಕಾಯುವಾಗಲೂ ಇದೇ.

ರಾತ್ರಿಯ ಹಾರಾಟದಲ್ಲಿ ನಿದ್ದೆ ಕೆಡುತ್ತದೆ ಎಂಬ ದೂರು ನ್ಯಾಯವಾದದ್ದು. ಕ್ಯಾಬಿನ್ ದೀಪ ಆರಿಸಿದ ಮೇಲೆ ಎತ್ತರ, ವೇಗ, ಹವೆಯ ವರದಿ ಬೇಡ, ಅವು ಎದುರಿನ ಪರದೆಯ ಮೇಲೆ ಇರಲಿ. ಕಿವಿ ಕೇಳದವರಿಗೂ ಪೈಲಟ್‌ಗಳ ಭಾಷೆ ಬಾರದವರಿಗೂ ಸುರಕ್ಷತೆಯ ಮಾತು ಅದೇ ಪರದೆಯಲ್ಲಿ ಅಕ್ಷರವಾಗಿ ಮೂಡಲಿ. ಸ್ವಂತ ಹೆಡ್‌ಫೋನ್ ಹಾಕಿದವರಿಗೆ ಪಿಎ ಕೇಳುವುದೇ ಇಲ್ಲ. ಅವರನ್ನು ಭುಜ ಮುಟ್ಟಿ ಎಚ್ಚರಿಸುವುದು ಸಿಬ್ಬಂದಿಯ ಕೆಲಸವೆಂದು ಬರೆದಿಡಿ.

ಈಗ ನಮ್ಮ ಕೋರಿಕೆ. ಕೈಪಿಡಿಯ ಆ ಒಂದು ಸಾಲು ತೆಗೆದು, ಕಡ್ಡಾಯ ಘೋಷಣೆ ಯಾವುವು, ನಿಷಿದ್ಧ ಯಾವುವು ಎಂದು ಬರೆಯಿರಿ. ಪ್ರಚಾರದ ಮಾತನ್ನು ಎತ್ತರ ಎಷ್ಟೇ ಇರಲಿ ಕಾಕ್‌ಪಿಟ್ ಮೈಕಿನಿಂದ ಹೊರಗಿಡಿ. ಕ್ಯಾಬಿನ್‌ನವರು ಕಂಡದ್ದನ್ನು ಕಾಕ್‌ಪಿಟ್‌ಗೆ ಮುಟ್ಟಿಸುವುದನ್ನು ಇಬ್ಬರೂ ಒಟ್ಟಿಗೆ ಕೂತು ಅಭ್ಯಾಸ ಮಾಡಲಿ.

ಮತ್ತೆ ಸಿಮ್ಯುಲೇಟರ್. ಎಂಜಿನ್ ಬೆಂಕಿಯ ಪಾಠದಲ್ಲಿ ಚೆಕ್‌ಲಿಸ್ಟಿನ ಒಂದೊಂದು ಸಾಲನ್ನೂ ಬಿಡದೆ ಮಾಡಿಸುತ್ತಾರೆ, ಘೋಷಣೆಯ ಸರದಿ ಬಂದಾಗ ಮಾತ್ರ "ಪಿಎ ಆಯಿತು ಎಂದುಕೊಳ್ಳಿ" ಎಂದು ಮುಂದೆ ಸಾಗುವುದುಂಟು. ಅದು ನಿಲ್ಲಬೇಕು. ಪೈಲಟ್ ಮೈಕು ಹಿಡಿದು ಪೂರ್ತಿ ಮಾತಾಡಲಿ. ಅದನ್ನು ಧ್ವನಿಮುದ್ರಿಸಿ, ತರಬೇತಿಯ ಕ್ಯಾಬಿನ್‌ನಲ್ಲಿ ಎಂಜಿನ್ ಸದ್ದಿನ ನಡುವೆ ಹಾಕಿ, ಹಿಂದಿನ ಸಾಲಿನಲ್ಲಿ ಕೂತವರು ಏನು ಕೇಳಿತೆಂದು ಬರೆದು ಕೊಡಲಿ. ಬರೆದದ್ದು ಹೇಳಿದ್ದಕ್ಕೆ ಹೊಂದದಿದ್ದರೆ ಆ ಪಾಠ ಮತ್ತೆ ಆಗಲಿ.

ಇಂತಿ,
ಕಾಕ್‌ಪಿಟ್ ಮತ್ತು ಕ್ಯಾಬಿನ್ ಸುರಕ್ಷತೆಯ ಕೆಲಸ ಬಲ್ಲ ನಾವು